ಯಂತ್ರವಾಚಕನಿಗೊಂದು ಸೂಚೀಗ್ರಂಥ

ಜಗತ್ತಿನ ಪ್ರೋಗ್ರಾಮುಗಳನ್ನೆಲ್ಲ ಓದಿ ಬೆಳೆದಿದೆಯೆಂದು ಹೇಳಲಾಗುವ ಎಐ ಏಜೆಂಟಿಗೆ, ಕಡತವನ್ನು ಅಪ್‌ಲೋಡ್ ಮಾಡುವ ಒಂದು ಚಿಕ್ಕ ಪೆಟ್ಟಿಗೆಯನ್ನು ಸಿದ್ಧಘಟಕಗಳ ಭಂಡಾರದಿಂದ ಆರಿಸಿಕೊಳ್ಳುವುದಕ್ಕೆ ನಾವು ದಾರಿ ತೋರಿಸಬೇಕಾದುದೇಕೆ ಎಂದು ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ಪ್ರಶ್ನೆ ಸಾಧುವಾದುದು, ಉತ್ತರವೂ ನಮ್ಮ ನಾಡಿಗೆ ತೀರ ದೂರದ್ದೇನಲ್ಲ.

1995ರ ನವೆಂಬರಿನವರೆಗೆ ವೆಬ್ ಪುಟದ ಅರ್ಜಿಯಲ್ಲಿ ಅಕ್ಷರಗಳನ್ನು ತುಂಬಿ ಕಳುಹಿಸಬಹುದಾಗಿತ್ತೇ ಹೊರತು ಕಡತವೊಂದನ್ನು ಲಗತ್ತಿಸುವುದಕ್ಕೆ ಸರ್ವಸಮ್ಮತವಾದ ಕ್ರಮವಿರಲಿಲ್ಲ. ಜೆರಾಕ್ಸ್ ಸಂಸ್ಥೆಯ ಅರ್ನೆಸ್ಟೊ ನೇಬಲ್ ಮತ್ತು ಲ್ಯಾರಿ ಮ್ಯಾಸಿಂಟರ್ ಎಂಬಿಬ್ಬರು ಆ ತಿಂಗಳು ಪ್ರಕಟಿಸಿದ ಆರ್‌ಎಫ್‌ಸಿ 1867 ಎಂಬ ಪತ್ರ ಆ ಕ್ರಮವನ್ನು ಸೂಚಿಸಿತು. ಅಂದಿನ ಒಂದು ಗುಂಡಿ ಇಂದು ಬಹುರೂಪಿಯಾಗಿದೆ. ಚಿತ್ರವನ್ನು ಎಳೆದುತಂದು ಬಿಡಬಹುದಾದ ಚೌಕ, ಅದರ ಕಿರುಚಿತ್ರ, ಸಾಗಿದ ಪ್ರಮಾಣವನ್ನು ತೋರಿಸುವ ಪಟ್ಟಿ, ಮಧ್ಯದಲ್ಲಿ ರದ್ದುಮಾಡುವ ಅವಕಾಶ, ನೆಟ್‌ವರ್ಕ್ ಕಡಿದುಹೋದಾಗ ನಿಂತಲ್ಲಿಂದಲೇ ಮುಂದುವರಿಯುವ ಏರ್ಪಾಟು, ಮೌಸ್ ಹಿಡಿಯಲಾರದವರಿಗೆ ಕೀಲಿಮಣೆಯ ಸೌಕರ್ಯ, ಇವೆಲ್ಲವೂ ಬೇರೆಬೇರೆ ಸಂಯೋಗಗಳಲ್ಲಿ ಕೂಡಿಕೊಂಡು, ನೋಟಕ್ಕೆ ಒಂದೇ ತೆರನಾಗಿಯೂ ಒಳಗೆ ಬೇರೆಯಾಗಿಯೂ ಇರತಕ್ಕ ಹತ್ತಾರು ಘಟಕಗಳಾಗಿ ಭಂಡಾರದಲ್ಲಿ ನೆಲೆಸಿರುತ್ತವೆ.

ಈ ಭೇದ ಎಷ್ಟು ಸೂಕ್ಷ್ಮವೆಂಬುದಕ್ಕೆ ಆ ಪ್ರಗತಿಪಟ್ಟಿಯೊಂದನ್ನೇ ನೋಡಬಹುದು. ಬ್ರೌಸರಿನಲ್ಲಿ ದತ್ತಾಂಶವನ್ನು ಕಳುಹಿಸಲು ಇಂದು ರೂಢಿಯಲ್ಲಿರುವ 'ಫೆಚ್' ಎಂಬ ವಿಧಾನವು, ಎಷ್ಟು ಬೈಟುಗಳು ಆಚೆಗೆ ಹೋದವೆಂಬ ಲೆಕ್ಕವನ್ನು ಎಲ್ಲ ಬ್ರೌಸರುಗಳಲ್ಲಿಯೂ ನೆಚ್ಚಬಹುದಾದ ರೀತಿಯಲ್ಲಿ ಕೊಡುವುದಿಲ್ಲವಾದಕಾರಣ, ನಿಜವಾದ ಶೇಕಡಾವಾರು ಲೆಕ್ಕವನ್ನು ತೋರಿಸಬೇಕೆನ್ನುವ ಘಟಕಗಳು ಸಾಮಾನ್ಯವಾಗಿ 'ಎಕ್ಸ್‌ಎಂಎಲ್‌ಎಚ್‌ಟಿಟಿಪಿ ರಿಕ್ವೆಸ್ಟ್' ಎಂಬ ಹಳೆಯ ವಿಧಾನವನ್ನೇ ಆಶ್ರಯಿಸುತ್ತವೆ. ಬರಿಯ ಅಲಂಕಾರಕ್ಕಾಗಿ ಪಟ್ಟಿಯನ್ನು ಓಡಿಸುವ ಘಟಕವೂ ಅದರ ಪಕ್ಕದಲ್ಲಿಯೇ ಇರಬಹುದು; ಹೆಸರಿನಿಂದಾಗಲಿ ಚಿತ್ರದಿಂದಾಗಲಿ ಇವೆರಡರ ಅಂತರ ತಿಳಿಯದು.

ಏಜೆಂಟಿನ ತೊಡಕು ಇಲ್ಲಿಯೇ ಆರಂಭವಾಗುತ್ತದೆ. ಅದರ ತರಬೇತಿ ಯಾವುದೋ ಒಂದು ದಿನಕ್ಕೆ ನಿಂತಿರುತ್ತದೆ. ಭಂಡಾರವಾದರೋ ಆ ಬಳಿಕವೂ ಬದಲಾಗುತ್ತಲೇ ಇರುತ್ತದೆ. ಗೊತ್ತಿಲ್ಲದಿದ್ದಲ್ಲಿ ಅದು ಗೊತ್ತಿದ್ದಂತೆಯೇ ಬರೆದು, ಇರಬಹುದಾದಂಥ ಆದರೆ ಇಲ್ಲದ ಹೆಸರೊಂದನ್ನು ಕಲ್ಪಿಸಿಬಿಡುತ್ತದೆ. ಹಾಗೆಂದು ಭಂಡಾರದ ಸಮಸ್ತ ಕೋಡನ್ನೂ ಅದರ ಮುಂದೆ ಸುರಿದರೆ ಪ್ರಯೋಜನವಿಲ್ಲ: ಒಂದು ಸಲಕ್ಕೆ ಅದು ಗಮನಿಸಬಲ್ಲ ಪಠ್ಯಕ್ಕೆ ಮಿತಿಯುಂಟು, ಮತ್ತು ದೀರ್ಘಪಠ್ಯದ ನಡುವೆ ಹುದುಗಿದ ಸಂಗತಿಯನ್ನು ಇಂಥ ಭಾಷಾಮಾದರಿಗಳು ಆದಿಯಲ್ಲಿಯೋ ಅಂತ್ಯದಲ್ಲಿಯೋ ಇರುವುದಕ್ಕಿಂತ ಸುಲಭವಾಗಿ ಗಮನಿಸದೆ ಬಿಟ್ಟುಬಿಡುತ್ತವೆಂಬುದು 2023ರ ಸಂಶೋಧನೆಯೊಂದರಲ್ಲಿ ಕಂಡುಬಂದಿತು.

ಬೇಕಾದ ಭಾಗವನ್ನು ಭಂಡಾರದಿಂದ ಆರಿಸಿಕೊಳ್ಳುವುದು ಹೊಸ ಸಮಸ್ಯೆಯೆಂದು ಭಾವಿಸುವವರು 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ಸಮ್ಮೇಳನವನ್ನು ನೆನೆಯಬೇಕು. ಬೆಲ್ ಪ್ರಯೋಗಶಾಲೆಯ ಡಗ್ಲಸ್ ಮೆಕಿಲ್‌ರಾಯ್ ಅಲ್ಲಿ, ಪ್ರೋಗ್ರಾಮಿನ ಭಾಗಗಳೂ ಕಾರ್ಖಾನೆಯ ಭಾಗಗಳಂತೆ ಕ್ಯಾಟಲಾಗಿನಿಂದ ದೊರೆಯಬೇಕೆಂದೂ, ನಿಖರತೆ, ಗಟ್ಟಿತನ, ವ್ಯಾಪ್ತಿ, ವೇಗ ಇವುಗಳಿಗನುಸಾರವಾಗಿ ಅವು ವಿಂಗಡವಾಗಿರಬೇಕೆಂದೂ ವಾದಿಸಿದರು.

ವಿಂಗಡಣೆಯ ತತ್ತ್ವ ಮಾತ್ರ ಅದಕ್ಕೂ ಮುಂಚೆಯೇ ಮದರಾಸಿನಲ್ಲಿ ರೂಪುಗೊಂಡಿತ್ತು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಎಸ್. ಆರ್. ರಂಗನಾಥನ್, ಗ್ರಂಥಾಲಯಶಾಸ್ತ್ರವನ್ನು ಕಲಿಯಲು ಲಂಡನ್ನಿಗೆ ಹೋಗಿದ್ದಾಗ ಅಂಗಡಿಯೊಂದರಲ್ಲಿ ಮೆಕಾನೋ ಆಟಿಕೆಯನ್ನು ಕಂಡು, ಕೆಲವೇ ಪಟ್ಟಿಗಳನ್ನೂ ತಿರುಪುಗಳನ್ನೂ ಜೋಡಿಸಿ ನಾನಾ ವಸ್ತುಗಳನ್ನು ಕಟ್ಟುವಂತೆ, ಪುಸ್ತಕದ ವಿಷಯವನ್ನೂ ಕೆಲವು ಮುಖಗಳ ಜೋಡಣೆಯಿಂದ ನಿರ್ದೇಶಿಸಬಹುದೆಂದು ಕಂಡುಕೊಂಡರು. 1933ರಲ್ಲಿ ಹೊರಬಂದ ಅವರ ಕೋಲನ್ ವರ್ಗೀಕರಣ ಈ ಕಾಣ್ಕೆಯ ಫಲ. ಪುಸ್ತಕಕ್ಕೆ ಒಂದು ಸಿದ್ಧ ಗೂಡನ್ನು ಕೊಟ್ಟು ಅದರಲ್ಲಿಯೇ ಇರಿಸುವ ಪದ್ಧತಿಗಿಂತ ಇದು ಎಷ್ಟೋ ಉದಾರವಾದುದು. ಏಕೆಂದರೆ ಓದುಗನು ಯಾವ ಮುಖದಿಂದ ಬಂದರೂ ಪುಸ್ತಕವನ್ನು ತಲಪಬಲ್ಲನು. ಓದುಗನ ಕಾಲವು ವ್ಯರ್ಥವಾಗಬಾರದೆಂಬುದನ್ನು ಅವರು 1931ರಷ್ಟು ಹಿಂದೆಯೇ ತಮ್ಮ ಐದು ಸೂತ್ರಗಳಲ್ಲೊಂದಾಗಿ ವಿಧಿಸಿದ್ದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಅವರು 1962ರಲ್ಲಿ ಇದೇ ಶಾಸ್ತ್ರದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವೊಂದನ್ನು ಇಲ್ಲಿ ಸ್ಥಾಪಿಸಿದರು. ಯಂತ್ರವಾಚಕನ ಪಾಲಿಗೂ ಅವರು ಆಚಾರ್ಯರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಅಪ್‌ಲೋಡ್ ಘಟಕಕ್ಕೂ ಇಂಥ ಮುಖಗಳುಂಟು: ಕಡತ ಒಂದೋ ಹಲವೋ, ಗುಂಡಿಯಿಂದಲೋ ಎಳೆದುಬಿಡುವುದರಿಂದಲೋ, ಸ್ವಂತ ಸರ್ವರಿಗೆ ಹೋಗುವುದೋ ನೇರವಾಗಿ ಕ್ಲೌಡಿಗೋ, ಕಡಿದಲ್ಲಿಂದ ಮುಂದುವರಿಯಬಲ್ಲುದೋ ಇಲ್ಲವೋ, ಪುಟ ಕಟ್ಟುವ ಸಾಧನಗಳಾದ ರಿಯಾಕ್ಟಿಗೆ ಹೊಂದುವುದೋ ವ್ಯೂಗೋ. ಏಜೆಂಟು ಈ ಮುಖಗಳನ್ನು ಹೆಸರಿಸಿ ಕೇಳಿದಾಗ ಮೊದಲು ನಾಲ್ಕಾರು ಘಟಕಗಳ ಒಂದೊಂದು ಸಾಲಿನ ಪರಿಚಯವನ್ನೂ, ಅವುಗಳಲ್ಲೊಂದನ್ನು ಆರಿಸಿದ ಬಳಿಕ ಅದರ ವಿವರವನ್ನೂ, ಕಟ್ಟಕಡೆಗೆ ಮಾತ್ರ ಅದರ ಕೋಡನ್ನೂ ಕೊಡುವುದು ಉತ್ತಮವಾದ ಕ್ರಮ. ಇದಕ್ಕೆ ಒದಗುವ ಉಪಾಯಗಳೂ ಬಂದಿವೆ. ಯಂತ್ರಕ್ಕೆ ಓದಲು ಅನುಕೂಲವಾದ ಸಾರಪಟ್ಟಿಯನ್ನು ತಾಣದಲ್ಲಿಯೇ ಇರಿಸಬೇಕೆಂಬ 'ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ' ಸಲಹೆಯನ್ನು ಜೆರೆಮಿ ಹವರ್ಡ್ 2024ರ ಸೆಪ್ಟೆಂಬರಿನಲ್ಲಿ ಮಂಡಿಸಿದರು. ಏಜೆಂಟು ಹೊರಗಿನ ಸಾಧನಗಳನ್ನು ಪ್ರಶ್ನಿಸುವ ಸಾಮಾನ್ಯ ವಿಧಾನವಾದ ಎಂಸಿಪಿಯನ್ನು ಆಂತ್ರೋಪಿಕ್ ಸಂಸ್ಥೆ ಅದೇ ವರ್ಷದ ನವೆಂಬರಿನಲ್ಲಿ ಪ್ರಕಟಿಸಿತು. ಇವನ್ನು ಅಳವಡಿಸಿದೊಡನೆ ಏಜೆಂಟು ಸರಿಯಾದುದನ್ನೇ ಆರಿಸುವುದೆಂಬ ಪ್ರಚಾರವನ್ನು ಮಾತ್ರ ನಾನು ನಂಬಲಾರೆ. ಕೇಳುವ ವಿಧಾನ ಎಷ್ಟೇ ಚೆನ್ನಾಗಿದ್ದರೂ ಸೂಚಿಯಲ್ಲಿ ಬರೆದಿರದ ಗುಣ ಉತ್ತರದಲ್ಲಿ ಬರಲಾರದು.

ಆ ಸೂಚಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು, ಘಟಕ ಏನನ್ನು ಮಾಡುವುದಿಲ್ಲವೆಂಬ ಸಾಲು. 'ಚಿತ್ರಗಳನ್ನು ಮಾತ್ರ ಸ್ವೀಕರಿಸುತ್ತದೆ' ಎಂದು ಬರೆದಿರುತ್ತಾರೆ. ಆ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ 'ಅಕ್ಸೆಪ್ಟ್' ಎಂಬ ಗುಣ, ಕಡತವನ್ನು ಆರಿಸುವ ಕಿಟಕಿಯಲ್ಲಿ ಉಳಿದವುಗಳನ್ನು ಮರೆಮಾಡುವ ಸೂಚನೆಯಷ್ಟೆ. ಬಳಸುವವನು ಅದನ್ನು ಬದಲಿಸಿಕೊಳ್ಳಬಹುದು, ಎಳೆದು ತಂದು ಚೌಕದಲ್ಲಿ ಬಿಟ್ಟ ಕಡತಕ್ಕೆ ಬೇರೆ ತಪಾಸಣೆಯನ್ನು ಬರೆಯದಿದ್ದರೆ ಅದು ಅನ್ವಯಿಸುವುದೇ ಇಲ್ಲ. ಹೆಸರಿನ ಕೊನೆಯಲ್ಲಿ 'ಜೆಪಿಜಿ' ಎಂದಿರುವ ಕಡತದ ಒಳಗೆ ಬೇರೆಯದೇ ಇರಬಹುದು. ಮೊದಲ ಸಾಲನ್ನಷ್ಟೇ ಓದಿದ ಏಜೆಂಟು ಸರ್ವರಿನ ತಪಾಸಣೆ ಅನಾವಶ್ಯಕವೆಂದು ಬಗೆದು ಮುಂದೆ ಸಾಗುವ ಸಂಭವವುಂಟು. 'ಒಳಗಿನ ಬೈಟುಗಳನ್ನು ಈ ಘಟಕ ನೋಡುವುದಿಲ್ಲ, ಸರ್ವರಿನಲ್ಲಿ ಪರೀಕ್ಷಿಸತಕ್ಕದ್ದು' ಎಂಬ ಇನ್ನೊಂದು ಸಾಲು ಕೆಳಗಿದ್ದರೆ, ಆ ಪರೀಕ್ಷೆಯ ಕೋಡನ್ನೂ ಕೂಡಿಸಿಯೇ ಬರೆಯಲು ಏಜೆಂಟಿಗೆ ಆಧಾರ ದೊರೆಯುತ್ತದೆ.