ನಿಮಗಿದು ಗೊತ್ತೇ? ಬಲವಂತದ ‘ಹೌದು’ ಹೌದಲ್ಲ

● ಹಾಸನದಿಂದ ಅರಸೀಕೆರೆ ರಸ್ತೆ ಹಿಡಿದರೆ ಸುಮಾರು ಹತ್ತು ಕಿಲೋಮೀಟರಿಗೆ ಕೊರವಂಗಲ ಸಿಗುತ್ತದೆ. ಅಲ್ಲಿನ ಬೂಚೇಶ್ವರ ದೇಗುಲವನ್ನು ಹೊಯ್ಸಳರ ಅಧಿಕಾರಿ ಬೂಚಿರಾಜ ಕಟ್ಟಿಸಿದ್ದು 1173ರಲ್ಲಿ, ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ಸಂದರ್ಭದಲ್ಲಿ. ಅದೇ ವರ್ಷದ ಫೆಬ್ರುವರಿಯಲ್ಲಿ ಪೋಪ್ ಮೂರನೇ ಅಲೆಕ್ಸಾಂಡರ್ ಇಂಗ್ಲೆಂಡಿನ ಥಾಮಸ್ ಬೆಕೆಟ್ ಅವರನ್ನು ಸಂತರೆಂದು ಸಾರಿದರು. ಧರ್ಮಸಭೆಯ (ಕಥೋಲಿಕ ಚರ್ಚಿನ) ವಿಷಯದಲ್ಲಿ ಅರಸ ಕೈಹಾಕಬಾರದೆಂದು ಪಟ್ಟು ಹಿಡಿದ ಈ ಆರ್ಚ್‌ಬಿಷಪ್ಪರನ್ನು, ಎರಡನೇ ಹೆನ್ರಿಯ ಕಡೆಯ ನಾಲ್ವರು ಸರದಾರರು 1170ರಲ್ಲಿ ಅವರ ಚರ್ಚಿನೊಳಗೇ ಕಡಿದು ಹಾಕಿದ್ದರು. ಬೆಕೆಟ್ ಕೇಳಿದ್ದು ಸಂಸ್ಥೆಯ ಸ್ವಾತಂತ್ರ್ಯವನ್ನು. ಒಬ್ಬೊಬ್ಬ ಮನುಷ್ಯನ ಸ್ವಾತಂತ್ರ್ಯದ ಕಥೆ ಬೇರೆ. ಅದು ಇನ್ನೂ ಉದ್ದ, ಇನ್ನೂ ತೊಡಕು.

● ಮನುಷ್ಯನಿಗೆ ಆಯ್ಕೆಯೇ ಇಲ್ಲದಿದ್ದರೆ ಬುದ್ಧಿವಾದ, ಅಪ್ಪಣೆ, ಬಹುಮಾನ, ಶಿಕ್ಷೆ ಯಾವುದಕ್ಕೂ ಅರ್ಥವಿರುವುದಿಲ್ಲ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಮುಂದಿಟ್ಟ ವಾದ ಇಷ್ಟು ಸರಳ.

● ಮನಸ್ಸಿಗೆ ಬಂದದ್ದನ್ನೆಲ್ಲ ಮಾಡುವುದನ್ನು ಕಥೋಲಿಕ ಚಿಂತನೆ ಪೂರ್ಣ ಸ್ವಾತಂತ್ರ್ಯವೆಂದು ಒಪ್ಪುವುದಿಲ್ಲ. ಒಳಿತನ್ನು ಮಾಡುತ್ತ ಹೋದಂತೆ ಮನುಷ್ಯ ಹೆಚ್ಚು ಸ್ವತಂತ್ರನಾಗುತ್ತಾನೆ, ಕೆಡುಕನ್ನು ಆರಿಸಿಕೊಂಡಷ್ಟೂ ಅದಕ್ಕೆ ಆಳಾಗುತ್ತಾನೆ ಎನ್ನುತ್ತದೆ ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥ. ನಾಳೆಯಿಂದ ಕುಡಿಯುವುದಿಲ್ಲ ಎಂದು ಮಗಳ ತಲೆ ಮುಟ್ಟಿ ಆಣೆ ಮಾಡಿದವನು ಸಂಜೆ ಮತ್ತೆ ಅದೇ ಅಂಗಡಿಯ ಮುಂದೆ ನಿಂತಿರುತ್ತಾನೆ. ಅವನನ್ನು ಯಾರೂ ಕಟ್ಟಿಹಾಕಿಲ್ಲ, ಆದರೂ ಅವನು ಸ್ವತಂತ್ರನಲ್ಲ. ಇಂಥವನ ಮೇಲೆ ಅದೇ ಗ್ರಂಥಕ್ಕೆ ಕರುಣೆಯೂ ಇದೆ: ಅಜ್ಞಾನ, ಭಯ, ಒತ್ತಾಯ, ಅಂಟಿದ ಚಟ ಇವು ಮಾಡಿದ ತಪ್ಪಿನ ಹೊಣೆಯನ್ನು ತಗ್ಗಿಸಬಹುದು, ಕೆಲವೊಮ್ಮೆ ಇಲ್ಲವಾಗಿಸಲೂಬಹುದು.

● ಈ ಕೊನೆಯ ಮಾತಿನ ತೂಕ ತಿಳಿಯಲು ನಮ್ಮ ಹಾಸನ ಜಿಲ್ಲೆಗೂ ತಾಕುವ ಚರಿತ್ರೆಯೊಂದು ಸಾಕು. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾ ಕರಾವಳಿಯ ಸಾವಿರಾರು ಕಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ದಾರಿಯಲ್ಲಿ, ಸೆರೆಯಲ್ಲಿ ಬಹಳ ಮಂದಿ ಸತ್ತರು. ಬಹಳ ಮಂದಿಯನ್ನು ಬಲವಂತವಾಗಿ ಮತಾಂತರಿಸಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಮೈಸೂರು ಸೀಮೆಯ ಜನ ಅವರನ್ನು ‘ದೊಡ್ಡ ಸ್ವಾಮಿ’ ಎನ್ನುತ್ತಿದ್ದರು. ಬಡ ಕ್ರೈಸ್ತರಿಗಾಗಿ ಅವರು ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು, ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚಿನ ಫೋಟೊ ತೆಗೆಯಲು ಮಳೆಗಾಲದಲ್ಲಿ ಸಾಲುಗಟ್ಟುವ ಕಾರುಗಳಲ್ಲಿ ಸಾತಳ್ಳಿಯ ಹೆಸರು ಕೇಳಿದವರು ಎಷ್ಟು ಜನರೋ!

ಸೆರೆಯಲ್ಲಿದ್ದವರಲ್ಲಿ ಎದುರಿಸಿ ನಿಲ್ಲುವ ಧೈರ್ಯ ಕಾಣಲಿಲ್ಲವೆಂದು ದುಬಾಯ್ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ನೊಂದು ಬರೆದರು. ನನಗೆ ಆ ಮಾತು ಕಠಿಣವೆನಿಸುತ್ತದೆ. ಕತ್ತಿ ಕಂಡು ಮಣಿದ ತಂದೆತಾಯಂದಿರು ಮನಸಾರೆ ಒಪ್ಪಿದವರಲ್ಲ. ಒಪ್ಪಿಗೆ ಇಲ್ಲದ ಕಡೆ ಪೂರ್ತಿ ಹೊಣೆಯೂ ಇಲ್ಲ ಎಂಬ ಅವರದೇ ಧರ್ಮಸಭೆಯ ತತ್ವ ಆ ಜನರ ಪಾಲಿಗೆ ದುಬಾಯ್‌ಗಿಂತ ಮೃದುವಾಗಿದೆ.

● ಧರ್ಮಸಭೆಯ ಪ್ರಕಾರ, ಮಾಡಿದ್ದು ಘೋರ ಪಾಪ ಎನಿಸಿಕೊಳ್ಳಲು ಮೂರು ಸಂಗತಿ ಕೂಡಿಬರಬೇಕು: ವಿಷಯ ಗುರುತರವಾಗಿರಬೇಕು, ಅದು ತಪ್ಪೆಂದು ಚೆನ್ನಾಗಿ ಗೊತ್ತಿರಬೇಕು, ಗೊತ್ತಿದ್ದೂ ಬೇಕೆಂದೇ ಮಾಡಿರಬೇಕು.

● ಏಳು ವರ್ಷ ತುಂಬಿದ ಮಗುವಿಗೆ ವಿವೇಚನೆ ಬಂದಿದೆ ಎಂದು ಧರ್ಮಸಭೆಯ ಕಾನೂನು ಭಾವಿಸುತ್ತದೆ. ಮೊದಲ ಪಾಪನಿವೇದನೆ, ಮೊದಲ ಪರಮಪ್ರಸಾದ ಆ ವಯಸ್ಸಿನ ಆಸುಪಾಸಿನಲ್ಲೇ ನಡೆಯುವುದು ಇದೇ ಕಾರಣಕ್ಕೆ.

● ದೇವರಿಗೆ ಎಲ್ಲವೂ ಮೊದಲೇ ಗೊತ್ತಿದ್ದರೆ ನನ್ನ ಆಯ್ಕೆ ನನ್ನದು ಹೇಗಾದೀತು? ಸ್ಪೇನಿನ ಯೇಸುಸಭೆಯ ಲೂಯಿಸ್ ಡಿ ಮೊಲಿನಾ 1588ರಲ್ಲಿ ಇದಕ್ಕೊಂದು ಉತ್ತರ ಬರೆದರು. ಡೊಮಿನಿಕನ್ ಗುರುಗಳು ಸಿಟ್ಟಿಗೆದ್ದರು. ಜಗಳ ರೋಮಿಗೆ ಹೋಗಿ ವರ್ಷಗಟ್ಟಲೆ ವಿಚಾರಣೆ ನಡೆಯಿತು. 1607ರಲ್ಲಿ ಪೋಪ್ ಐದನೇ ಪೌಲ್ ಯಾರ ಪರವಾಗಿಯೂ ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಜರೆಯಬೇಡಿ ಎಂದು ಹೇಳಿ ಕಳಿಸಿದರು. ಆ ತೀರ್ಪು ಇವತ್ತಿಗೂ ಬಂದಿಲ್ಲ.

● ಹೇಳಿದ ಹಾಗೆ ಧರ್ಮಸಭೆ ನಡೆದುಕೊಂಡಿತೇ? ಬಹಳ ಕಾಲ ಇಲ್ಲ. ಕ್ರೈಸ್ತರಲ್ಲದವರನ್ನು ಗುಲಾಮರನ್ನಾಗಿಸಲು ಪೋಪ್ ಐದನೇ ನಿಕೊಲಾಸ್ 1452ರಲ್ಲಿ ಪೋರ್ಚುಗಲ್ಲಿನ ಅರಸನಿಗೆ ಪರವಾನಗಿ ಕೊಟ್ಟರು. 1537ರಲ್ಲಿ ಪೋಪ್ ಮೂರನೇ ಪೌಲ್, ಅಮೆರಿಕದ ಮೂಲನಿವಾಸಿಗಳು ಕ್ರೈಸ್ತರಲ್ಲದಿದ್ದರೂ ಅವರ ಸ್ವಾತಂತ್ರ್ಯ, ಆಸ್ತಿ ಕಿತ್ತುಕೊಳ್ಳುವಂತಿಲ್ಲ ಎಂದರು. ಅಷ್ಟಾದ ಮೇಲೂ 1560ರಲ್ಲಿ ಗೋವೆಯಲ್ಲಿ ಇಂಕ್ವಿಸಿಷನ್ (ಧರ್ಮದ್ರೋಹದ ವಿಚಾರಣೆ) ಶುರುವಾಯಿತು. ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ 1812ರವರೆಗೂ ನಡೆಯಿತು. ಬಲವಂತಕ್ಕೆ ಹೆದರಿ ಗೋವೆ ಬಿಟ್ಟು ಕನ್ನಡ ಕರಾವಳಿಗೆ ಬಂದ ಹಿಂದೂ ಕುಟುಂಬಗಳ ವಂಶದವರು ಇಂದಿಗೂ ನಮ್ಮ ನಡುವೆ ಇದ್ದಾರೆ. 1832ರಲ್ಲಿ ಪೋಪ್ 16ನೇ ಗ್ರೆಗರಿ, ಎಲ್ಲರಿಗೂ ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೊಡಬೇಕೆನ್ನುವುದನ್ನು ಹುಚ್ಚು ಎಂದೇ ಕರೆದಿದ್ದರು.

ಅಲ್ಲಿಂದ 133 ವರ್ಷಕ್ಕೆ, 1965ರ ಡಿಸೆಂಬರ್ 7ರಂದು, ಎರಡನೇ ವ್ಯಾಟಿಕನ್ ಮಹಾಸಭೆ ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡುವಂತಿಲ್ಲ, ಇದು ಮನುಷ್ಯನ ಘನತೆಯಿಂದಲೇ ಬಂದ ಹಕ್ಕು ಎಂದು ಸಾರಿತು. ಪರವಾಗಿ 2,308 ಮತ, ವಿರುದ್ಧ 70. ತಪ್ಪುದಾರಿಯಲ್ಲಿ ಇರುವವರಿಗೂ ಈ ಹಕ್ಕು ಉಂಟೆಂದು ಒಪ್ಪಿದ್ದೇ ಇದರ ದೊಡ್ಡತನ.

● ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1368ರ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾದಾಗ ವಿಜಯನಗರದ ಬುಕ್ಕರಾಯ ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳ ನಡುವೆ ಭೇದವೆಣಿಸಬಾರದೆಂದು ಕಟ್ಟುಮಾಡಿದ ವಿವರ ಅದರಲ್ಲಿದೆ. ವ್ಯಾಟಿಕನ್ನಿನ ಘೋಷಣೆಗೆ ಸುಮಾರು ಆರು ಶತಮಾನ ಮೊದಲಿನ ಮಾತಿದು.

● ಆಸ್ಟ್ರಿಯದ ರೈತ ಫ್ರಾಂಜ್ ಯೆಗರ್‌ಸ್ಟೆಟರ್ ಹಿಟ್ಲರನ ಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪಲಿಲ್ಲ. ಹೆಂಡತಿ ಮಕ್ಕಳನ್ನು ನೋಡಿಕೋ ಎಂದು ಅವರ ಬಿಷಪ್ಪರೇ ತಿಳಿಹೇಳಿದ್ದರು. ಆದರೂ ಜಗ್ಗಲಿಲ್ಲ. 1943ರ ಆಗಸ್ಟ್ 9ರಂದು ಹಿಟ್ಲರನ ಆಡಳಿತ ಅವರ ತಲೆ ಕಡಿಸಿತು. 2007ರಲ್ಲಿ ಧರ್ಮಸಭೆ ಅವರನ್ನು ಪುನೀತರ ಸಾಲಿಗೆ ಸೇರಿಸಿದಾಗ ಅವರ ಪತ್ನಿ ಫ್ರಾನ್ಸಿಸ್ಕಾ ಎದುರಿಗೇ ಕೂತಿದ್ದರು.

● ಮಠ ಸೇರಿದ ಸಿಸ್ಟರ್, ಮೇಲಿನವರು ಕೇಳಿದರೆಂದು ತನ್ನ ಅಂತರಂಗವನ್ನು ಬಿಚ್ಚಿಡಲೇಬೇಕಿಲ್ಲ. ಹಾಗೆ ಒತ್ತಾಯಿಸುವುದನ್ನು ಧರ್ಮಸಭೆಯ ಕಾನೂನು ನಿಷೇಧಿಸಿದೆ. ಪಾಪನಿವೇದನೆಗೆ ಯಾವ ಗುರುಗಳ ಬಳಿ ಹೋಗಬೇಕೆಂಬುದೂ ಭಕ್ತರ ಇಷ್ಟ. ನಿಮ್ಮೂರಿನ ಫಾದರ್ ಹತ್ತಿರವೇ ಹೇಳಬೇಕೆಂದಿಲ್ಲ.

● ಚರ್ಚಿನಲ್ಲಿ ಮದುವೆ ನೋಡಿದವರಿಗೆ ಈ ಗಳಿಗೆ ನೆನಪಿರಬಹುದು. ಪೀಠದ ಮುಂದೆ ನಿಂತ ವಧೂವರರನ್ನು ಗುರುಗಳು ಮೊದಲು ಕೇಳುವುದು, ಯಾರ ಬಲವಂತವೂ ಇಲ್ಲದೆ ಮನಃಪೂರ್ವಕವಾಗಿ ಬಂದಿದ್ದೀರಾ ಎಂದು. ಇಬ್ಬರೂ ಎಲ್ಲರ ಎದುರು ಬಾಯಿಬಿಟ್ಟು ಹೇಳಬೇಕು. ಅದು ಬರೀ ಶಾಸ್ತ್ರದ ಪ್ರಶ್ನೆಯಲ್ಲ. ಬಲವಂತದಿಂದಲೋ ತಪ್ಪಿಸಿಕೊಳ್ಳಲಾಗದಂಥ ಭಯದಿಂದಲೋ ಕೊಟ್ಟ ಒಪ್ಪಿಗೆಯಿಂದ ಮದುವೆಯೇ ಆಗುವುದಿಲ್ಲ ಎನ್ನುತ್ತದೆ 1983ರ ಧರ್ಮಸಭೆಯ ಕಾನೂನಿನ 1103ನೇ ವಿಧಿ. ಅಪ್ಪ ವಿಷ ಕುಡಿಯುತ್ತೇನೆಂದು ಹೆದರಿಸಿದ್ದಕ್ಕೆ ತಲೆಯಾಡಿಸಿದ ಹುಡುಗಿಯೂ ಈ ವಿಧಿಯ ಆಸರೆ ಕೇಳಬಹುದು. ಅಂಥವರು ತಮ್ಮ ಧರ್ಮಕ್ಷೇತ್ರದ ನ್ಯಾಯಪೀಠಕ್ಕೆ ಅರ್ಜಿ ಕೊಡಬಹುದು. ಹಾಸನ ಜಿಲ್ಲೆ ಸೇರುವುದು 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ. ಮೊದಲೆಲ್ಲ ಒಂದು ಪೀಠ ಮದುವೆ ಅಸಿಂಧು ಎಂದರೂ ಎರಡನೇ ಪೀಠ ಅದನ್ನು ಎತ್ತಿಹಿಡಿಯಬೇಕಿತ್ತು. ಪೋಪ್ ಫ್ರಾನ್ಸಿಸ್ 2015ರಲ್ಲಿ ಆ ನಿಯಮ ತೆಗೆದರು, ಸಾಧ್ಯವಾದ ಮಟ್ಟಿಗೆ ಖರ್ಚಿಲ್ಲದೆ ವಿಚಾರಣೆ ನಡೆಸುವಂತೆಯೂ ಹೇಳಿದರು. ಮನೆಯವರ ಮಾತಿಗೆ ಕಟ್ಟುಬಿದ್ದು ನರಳುತ್ತಿರುವವರು ಯಾರಾದರೂ ನಿಮಗೆ ಗೊತ್ತಿದ್ದರೆ, ದಯವಿಟ್ಟು ಅವರಿಗೆ ಈ ವಿಷಯ ತಿಳಿಸಿ.