ಸರ್ಪಸುತ್ತು: ಮುಪ್ಪಿನಲ್ಲಿ ಮತ್ತೆ ಏಳುವ ಬಾಲ್ಯದ ಸೋಂಕು

ಪಕ್ಕೆಯಲ್ಲಿ ಮೊದಲು ಉರಿ. ಸೆರಗು ತಾಗಿದರೂ ಚುರುಕ್ಕೆನ್ನುವಷ್ಟು ನೋವು. ಎರಡು–ಮೂರು ದಿನ ಕಳೆಯುವಷ್ಟರಲ್ಲಿ ಬೆನ್ನಿನಿಂದ ಹೊಟ್ಟೆಯ ಕಡೆಗೆ, ಒಂದೇ ಮಗ್ಗುಲಲ್ಲಿ, ಸಾಲಾಗಿ ನೀರುಗುಳ್ಳೆಗಳು. ಮನೆಯ ಹಿರಿಯರಿಗೆ ಹೀಗಾದರೆ ಎಷ್ಟೋ ಊರುಗಳಲ್ಲಿ ಈಗಲೂ ಕೆಮ್ಮಣ್ಣು ಹಚ್ಚುವವರನ್ನು ಹುಡುಕುತ್ತಾರೆ. ಗುಳ್ಳೆಗಳ ಸಾಲು ಮೈ ಸುತ್ತಿ ಸರ್ಪದ ತಲೆ–ಬಾಲ ಕೂಡಿದರೆ ಜೀವಕ್ಕೇ ಅಪಾಯ ಎಂಬ ಭಯ ಬೇರೆ.

ಆ ಭಯಕ್ಕೆ ಆಧಾರವಿಲ್ಲ. ಬೆನ್ನುಹುರಿಯ ಎಡಬಲಕ್ಕೆ ಹೊರಡುವ ಒಂದೊಂದು ನರವೂ ಮೈಯ ಒಂದು ಮಗ್ಗುಲಿನ ಒಂದು ಪಟ್ಟಿಯನ್ನಷ್ಟೇ ನೋಡಿಕೊಳ್ಳುತ್ತದೆ. ಗುಳ್ಳೆಗಳು ಏಳುವುದು ಆ ಪಟ್ಟಿಯಲ್ಲೇ. ಸೋಂಕು ಹೊಸದಾಗಿ ಹೊರಗಿನಿಂದ ಬಂದದ್ದೂ ಅಲ್ಲ. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಆದಾಗ ಮೈಗೆ ಹೊಕ್ಕ ವೆರಿಸೆಲ್ಲಾ ಜೋಸ್ಟರ್ ವೈರಸ್, ಕಾಯಿಲೆ ವಾಸಿಯಾದ ಮೇಲೂ ನರದ ಬುಡದ ಗಂಟಿನಲ್ಲಿ ದಶಕಗಟ್ಟಲೆ ಅಡಗಿರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವುದು ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು.

ವಯಸ್ಸು ಪೆಟ್ಟು ಕೊಡುವುದು ಇಲ್ಲಿಗೇ.

ಟಿ-ಕೋಶಗಳು ಪಳಗುವ ಥೈಮಸ್ ಗ್ರಂಥಿ ಎದೆಮೂಳೆಯ ಹಿಂದಿದೆ. ಹರೆಯ ದಾಟುತ್ತಲೇ ಕುಗ್ಗತೊಡಗುವ ಅದು ಮುಪ್ಪಿನ ಹೊತ್ತಿಗೆ ಬಹುಪಾಲು ಕೊಬ್ಬಾಗಿರುತ್ತದೆ. ಹೊಸ ಕೋಶಗಳು ವಿರಳವಾಗುತ್ತವೆ, ಹಳೆಯವುಗಳ ಚುರುಕು ತಗ್ಗುತ್ತದೆ. ಫ್ಲೂ, ನ್ಯುಮೋನಿಯಾ, ಕೋವಿಡ್ ಹಿರಿಯರನ್ನೇ ಹೆಚ್ಚು ಹಣ್ಣು ಮಾಡುವುದಕ್ಕೂ ಇದೊಂದು ಕಾರಣ.

ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಊರಿನ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್ ತಮ್ಮ ರೋಗಿಗಳ ವಿವರವನ್ನು 16 ವರ್ಷ ಬರೆದಿಟ್ಟು 1965ರಲ್ಲಿ ಪ್ರಕಟಿಸಿದರು. ವಯಸ್ಸಾದಷ್ಟೂ ಸರ್ಪಸುತ್ತು ಹೆಚ್ಚು. 85 ತಲುಪುವಷ್ಟರಲ್ಲಿ ಇಬ್ಬರಲ್ಲಿ ಒಬ್ಬರಿಗೆ ಅದು ಬಂದಿರುತ್ತದೆ ಎಂದು ಲೆಕ್ಕ ಹಾಕಿದರು. ಅಡಗಿದ್ದ ವೈರಸ್ಸೇ ಮತ್ತೆ ಏಳುತ್ತದೆ ಎಂಬ ಅವರ ವಾದವನ್ನು ಮುಂದೆ ಪ್ರಯೋಗಾಲಯಗಳೂ ದೃಢಪಡಿಸಿದವು.

ಗುಳ್ಳೆ ಒಣಗಿದ ಮೇಲೂ ಹಿರಿಯರನ್ನು ಕಾಡುವುದು ನರದ ನೋವು. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಇದನ್ನೆಲ್ಲ ತಡೆಯಲು 50 ದಾಟಿದವರಿಗೆ ಎರಡು ಡೋಸ್‌ಗಳ ಲಸಿಕೆಯಿದೆ. ದೊಡ್ಡ ಪರೀಕ್ಷೆಗಳಲ್ಲಿ ಅದು 70 ದಾಟಿದವರಲ್ಲೂ ಹತ್ತರಲ್ಲಿ ಒಂಬತ್ತು ಪ್ರಕರಣಗಳನ್ನು ತಡೆದಿದೆ. 2023ರಿಂದ ಭಾರತದಲ್ಲೂ ಸಿಗುತ್ತಿದೆ. ಆದರೆ ಬೆಲೆ ದುಬಾರಿ, ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ. ಪಿಂಚಣಿಯನ್ನೇ ನೆಚ್ಚಿದವರ ಕೈಗೆ ಎಟುಕುವುದು ಕಷ್ಟ.

ಎಟುಕುವುದು ಮಾತ್ರೆ. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಕಾಯಿಲೆ ಬೇಗ ಹತೋಟಿಗೆ ಬರುತ್ತದೆ. ಮಣ್ಣು ಹಚ್ಚಿ ಕಾಯುವ ಮನೆಗಳಲ್ಲಿ ಕೈತಪ್ಪಿಹೋಗುವುದು ಈ ಮೂರು ದಿನಗಳೇ. ಹಣೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರಂತೂ ಕಣ್ಣಿಗೇ ಅಪಾಯ. ಅವತ್ತೇ ಕಣ್ಣಿನ ವೈದ್ಯರಿಗೆ ತೋರಿಸಬೇಕು. ವೈರಸ್ ತಡೆಯುವ ಅಸೈಕ್ಲೋವಿರ್ ಮಾತ್ರೆ ಜನೌಷಧಿ ಕೇಂದ್ರಗಳಲ್ಲೂ ಕಡಿಮೆ ಬೆಲೆಗೆ ದೊರೆಯುತ್ತದೆ. ಅದಕ್ಕೆ ಬೇಕಾದ ವೈದ್ಯರ ಚೀಟಿಯನ್ನು ಮೊದಲ ಗುಳ್ಳೆ ಕಂಡ ದಿನವೇ ಬರೆಸಿಕೊಳ್ಳಬೇಕು.