ಕೇಳಿದ್ದು ನಿಲ್ಲದಿದ್ದಾಗ: ವರ್ಕಿಂಗ್ ಮೆಮೊರಿ ಮತ್ತು ಎಡಿಎಚ್‌ಡಿ

ಕೇಳಿದ ಮಾತನ್ನೋ ನೋಡಿದ ಅಂಕಿಯನ್ನೋ ಕೆಲವು ಸೆಕೆಂಡು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ಅದನ್ನು ಬಳಸಿ ಕೆಲಸ ಮಾಡುವ ಶಕ್ತಿಗೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. 37ಕ್ಕೆ 48 ಕೂಡಿಸುವಾಗ ದಶಕ ಒಂದನ್ನು ತಲೆಯಲ್ಲೇ ಇಟ್ಟುಕೊಳ್ಳುವುದು ಇದರ ಕೆಲಸ. ಉತ್ತರ ಬಂದ ಮೇಲೆ ಆ ಒಂದು ಅಳಿಸಿಹೋಗುತ್ತದೆ, ಹೋಗಬೇಕು ಕೂಡ.

ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಇದರ ಒಂದು ಚೌಕಟ್ಟು ಕೊಟ್ಟರು. ಮಾತನ್ನು ಒಳಗೊಳಗೇ ಗುನುಗಿಕೊಂಡು ಉಳಿಸುವ ಭಾಗ ಒಂದು, ಆಕಾರ ಮತ್ತು ಜಾಗವನ್ನು ಉಳಿಸುವ ಭಾಗ ಇನ್ನೊಂದು. ಇವೆರಡರ ಮೇಲೆ ಯಾವುದಕ್ಕೆ ಗಮನ ಕೊಡಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವ ನಿಯಂತ್ರಕ. ನೆನಪೂ ಗಮನವೂ ಕೂಡುವುದು ಈ ನಿಯಂತ್ರಕದಲ್ಲೇ. ಗಮನ ನಿಲ್ಲದ, ಚಂಚಲತೆ ಮಿತಿಮೀರಿದ ತೊಂದರೆಯಾದ ಎಡಿಎಚ್‌ಡಿಯಲ್ಲಿ ಹೆಚ್ಚಾಗಿ ಸೋಲುವುದೂ ಇದೇ.

"ಒಳಗಿನಿಂದ ಕಂಪಾಸ್ ಬಾಕ್ಸ್ ತಗೊಂಡು, ಲೈಟ್ ಆರಿಸಿ, ಬಾಗಿಲು ಹಾಕ್ಕೊಂಡು ಬಾ" ಎಂದರೆ ಈ ತೊಂದರೆ ಇರುವ ಮಗು ಕೋಣೆಯೊಳಗೆ ಹೋಗಿ ಸುಮ್ಮನೆ ನಿಂತುಬಿಡುತ್ತದೆ. ಕಿವಿಗೆ ಮಾತು ಬಿದ್ದಿದೆ, ಅರ್ಥವೂ ಆಗಿದೆ. ಮಾಡುವಷ್ಟು ಹೊತ್ತು ನಿಂತಿಲ್ಲ. ಮನೆಯವರು ಇದನ್ನು ಉಡಾಫೆ ಎಂದುಕೊಳ್ಳುತ್ತಾರೆ. ಅದೇ ಮಗು ಎರಡು ವರ್ಷದ ಹಿಂದಿನ ಕ್ರಿಕೆಟ್ ಪಂದ್ಯದ ಸ್ಕೋರ್ ಒಪ್ಪಿಸಿದರಂತೂ ಅನುಮಾನ ಗಟ್ಟಿಯಾಗುತ್ತದೆ. ಆದರೆ ಅದು ದೀರ್ಘಕಾಲದ ನೆನಪು, ಅದರ ದಾರಿ ಬೇರೆ.

ಹಾಗೆಂದು ಎಡಿಎಚ್‌ಡಿಯನ್ನೂ ದುರ್ಬಲ ವರ್ಕಿಂಗ್ ಮೆಮೊರಿಯನ್ನೂ ಒಂದೇ ಎನ್ನಲಾಗದು. ಎಡಿಎಚ್‌ಡಿ ಇರುವ ಎಲ್ಲ ಮಕ್ಕಳ ವರ್ಕಿಂಗ್ ಮೆಮೊರಿ ದುರ್ಬಲವಾಗಿರುವುದಿಲ್ಲ. ಅದು ದುರ್ಬಲವಾಗಿರುವ ಎಲ್ಲರಿಗೂ ಎಡಿಎಚ್‌ಡಿ ಇರುವುದಿಲ್ಲ. ಎಡಿಎಚ್‌ಡಿ ಇದೆಯೇ ಎಂದು ವೈದ್ಯರು ನಿರ್ಧರಿಸುವುದು ನಡವಳಿಕೆ ನೋಡಿ: ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಮನೆ, ಶಾಲೆ ಎಂದು ಕನಿಷ್ಠ ಎರಡು ಕಡೆ ಕಾಣಬೇಕು.

ಹೈದರಾಬಾದಿನಲ್ಲಿ ಈ ತೊಂದರೆಯ ಹುಡುಕಾಟ ಮನೆಮನೆಗೂ ಹೋದದ್ದುಂಟು. ಮಕ್ಕಳ ನರ-ಬೆಳವಣಿಗೆಯ ತೊಂದರೆಗಳ ಬಗ್ಗೆ 2018ರಲ್ಲಿ ಪ್ರಕಟವಾದ ಐದು ಕಡೆಯ ಅಧ್ಯಯನದಲ್ಲಿ ಪಲ್ವಲ್, ಕಾಂಗ್ರಾ, ಢೇಂಕನಾಲ್, ಉತ್ತರ ಗೋವಾ ಜೊತೆಗೆ ಹೈದರಾಬಾದೂ ಇತ್ತು. ನೋಡಿದ್ದು 2ರಿಂದ 9 ವರ್ಷದ ಮಕ್ಕಳನ್ನಾದರೂ ಎಡಿಎಚ್‌ಡಿಯನ್ನು ಹುಡುಕಿದ್ದು 6 ತುಂಬಿದವರಲ್ಲಿ ಮಾತ್ರ. ಅದಕ್ಕಿಂತ ಚಿಕ್ಕವರಲ್ಲಿ ಚಂಚಲತೆ ಸಹಜವೋ ತೊಂದರೆಯೋ ಎಂದು ಬೇರ್ಪಡಿಸುವುದು ಕಷ್ಟ.

ಇನ್ನೊಂದು ತೊಡಕು ಹೈದರಾಬಾದಿನ ಭಾಷೆಗಳದ್ದು. ಕಾಚಿಗುಡದ ಕನ್ನಡ ಮನೆಯ ಮಗು ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖ್ಖನಿ, ತರಗತಿಯಲ್ಲಿ ಇಂಗ್ಲಿಷ್ ಆಡುತ್ತದೆ. ವರ್ಕಿಂಗ್ ಮೆಮೊರಿ ಅಳೆಯುವ ಒಂದು ಪರೀಕ್ಷೆಯಲ್ಲಿ ಪರೀಕ್ಷಕರು "ನಾಲ್ಕು, ಒಂಬತ್ತು, ಎರಡು" ಎಂದರೆ ಮಗು ತಿರುಗುಮುರುಗಾಗಿ "ಎರಡು, ಒಂಬತ್ತು, ನಾಲ್ಕು" ಎನ್ನಬೇಕು; ಅಂಕಿಗಳು ಒಂದೊಂದಾಗಿ ಹೆಚ್ಚುತ್ತವೆ. ಉಚ್ಚರಿಸಲು ಹೆಚ್ಚು ಹೊತ್ತು ಬೇಕಾದ ಪದಗಳು ನೆನಪಿನಲ್ಲಿ ಕಡಿಮೆ ನಿಲ್ಲುತ್ತವೆ. ಇಂಗ್ಲಿಷಿನ 'ನೈನ್' ಒಂದೇ ಉಸಿರು, 'ಒಂಬತ್ತು' ಹಾಗಲ್ಲ. ಆದ್ದರಿಂದ ಒಂದು ಭಾಷೆಗೆ ಕಟ್ಟಿದ ಅಂಕವನ್ನು ಇನ್ನೊಂದು ಭಾಷೆಯ ಮಗುವಿಗೆ ಹಚ್ಚುವುದು ತಪ್ಪು. ಮಗುವಿಗೆ ಸಲೀಸಾದ ಭಾಷೆ ಯಾವುದೆಂದು ಮೊದಲು ಕೇಳದ ಪರೀಕ್ಷೆಯನ್ನು ಪೂರ್ತಿ ನಂಬಬೇಕಿಲ್ಲ.

ಇನ್ನು ಚಿಕಿತ್ಸೆಯ ಮಾತು. ಮೆದುಳಿನ ಮುಂಭಾಗದಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ರಾಸಾಯನಿಕಗಳು ಅತಿ ಕಡಿಮೆಯಾದರೂ ಅತಿ ಹೆಚ್ಚಾದರೂ ವರ್ಕಿಂಗ್ ಮೆಮೊರಿ ಕುಗ್ಗುತ್ತದೆ. ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಮಾತ್ರೆ ಇವುಗಳ ಮಟ್ಟವನ್ನು ಏರಿಸುತ್ತದೆ. ಅದಕ್ಕೇ ಪ್ರಮಾಣವನ್ನು ವೈದ್ಯರು ಸ್ವಲ್ಪಸ್ವಲ್ಪವಾಗಿ ಹೊಂದಿಸುತ್ತಾರೆ. ನೆನಪು ಬಲಪಡಿಸುತ್ತೇವೆ ಎನ್ನುವ ಕಂಪ್ಯೂಟರ್ ಆಟಗಳ ಮಾತು ಬೇರೆ. ಮಕ್ಕಳು ಆ ಆಟದಲ್ಲಿ ಪಳಗುತ್ತಾರೆ. ಲೆಕ್ಕಕ್ಕೋ ಓದಿಗೋ ಆ ಲಾಭ ದಾಟಿಬರುವುದಿಲ್ಲ ಎಂದು 2013ರ ಒಂದು ದೊಡ್ಡ ಪರಾಮರ್ಶೆ ತೋರಿಸಿತು. ದುಬಾರಿ ಪ್ಯಾಕೇಜ್ ಕೊಳ್ಳುವುದಕ್ಕಿಂತ ನೆನಪಿನ ಮೇಲಿನ ಹೊರೆ ಇಳಿಸುವುದು ಮೇಲು: ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಹೇಳಿದ್ದನ್ನು ಮಗುವಿನ ಬಾಯಲ್ಲೇ ಮತ್ತೆ ಹೇಳಿಸುವುದು, ಲೆಕ್ಕದ ನಡುವಿನ ಹಂತಗಳನ್ನು ಪುಟದ ಅಂಚಿನಲ್ಲಿ ಬರೆಯಲು ಬಿಡುವುದು.